ಮಾತಾಡಿಸುವವರು

ನಮ್ಮ ಸೀಮೆಯಲ್ಲಿ ಯಾರಾದರೂ ತುಸು ವಿಚಿತ್ರವಾಗಿ ನಡೆದುಕೊಂಡರೆ "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎಂದು ನಗುವುದುಂಟು. 1845ರಲ್ಲಿ ಇಲ್ಲಿ ಆರಂಭವಾದ ಮಾನಸಿಕ ಆಸ್ಪತ್ರೆಯೇ ಇದಕ್ಕೆ ಕಾರಣ. ಇಂದು ಅದು ಡಿಮ್ಹಾನ್ಸ್ ಎಂಬ ಸಂಸ್ಥೆ. ನಮ್ಮ ಮನೆಯಲ್ಲಿ ಮೊದಲಿಗನಾಗಿ ಬಿ.ಎ. ಓದಲು ಹೊರಟ ನನಗೂ ಈ ಹಾಸ್ಯ ತಪ್ಪಲಿಲ್ಲ.

ಕಳೆದ ವರುಷ ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸು ಅತ್ತರೂ ಎತ್ತಿಕೊಳ್ಳಳು, ರಾತ್ರಿ ನಿದ್ದೆಯಿಲ್ಲ. ಓಣಿಯವರು ದೃಷ್ಟಿಯಾಗಿದೆ ಎಂದರು. ಅವ್ವ ಭಂಡಾರ ಹಚ್ಚಿದಳು. ಕೂಸಿನ ತೂಕ ನೋಡಲು ಬಂದ ಆಶಾ ಕಾರ್ಯಕರ್ತೆಯೊಬ್ಬರೇ "ಕೂಸು ಬರೋಬ್ಬರಿ ಐತಿ, ನೀ ಹೆಂಗ ಅದಿ, ತಂಗಿ?" ಎಂದು ಕೇಳಿದರು. ಅಕ್ಕ ಬಿಕ್ಕಿ ಅತ್ತಳು. ಬದುಕುವುದೇ ಬೇಡವೆನಿಸುತ್ತದೆ ಎಂದಳು. ಮರುದಿನವೇ ಅವ್ವ ಅವಳನ್ನು ಕರೆದುಕೊಂಡು ಧಾರವಾಡದ ಬಸ್ಸು ಹತ್ತಿದಳು. ಚಿಕಿತ್ಸೆಗೆ ಕೆಲವು ತಿಂಗಳು ಹಿಡಿದವು. ಈಗ ಕೂಸು ಅವಳ ಕಂಕುಳು ಬಿಟ್ಟು ಇಳಿಯುವುದಿಲ್ಲ.

ಇಂಥ ಆರೈಕೆ ಊರೂರಿಗೂ ಸಾಧ್ಯವೆಂಬುದನ್ನು ನಮ್ಮ ಬಳ್ಳಾರಿ ಜಿಲ್ಲೆ 1980ರ ದಶಕದಲ್ಲಿಯೇ ತೋರಿಸಿತು. ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರೂ ಕಾರ್ಯಕರ್ತರೂ ತರಬೇತಿ ಪಡೆದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಮೊದಲಾಯಿತು. 2022ರಿಂದ ಟೆಲಿ ಮಾನಸ್ 14416ಕ್ಕೆ ಕರೆಮಾಡಿ, ಹಗಲಿರುಳೆನ್ನದೆ, ವೆಚ್ಚವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು.

ವಸತಿಗೃಹದ ಗೆಳೆಯರಲ್ಲಿ ನನ್ನದೊಂದು ವಿನಂತಿ. ಫಲಿತಾಂಶದ ದಿನ ಊಟಕ್ಕೆ ಬಾರದವನ ಬಾಗಿಲು ತಟ್ಟೋಣ. "ಸಾಯಬೇಕೆನಿಸುತ್ತದೆಯೇ?" ಎಂದು ನೇರವಾಗಿ ಕೇಳಲು ಅಂಜಬೇಕಿಲ್ಲ, ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ, ವೈದ್ಯರ ಬಳಿಗೆ ಜೊತೆಗೂಡಿ ನಡೆಯೋಣ.