ಒಂದೂವರೆ ಗಂಟೆಯ ಪ್ರಶ್ನೆ

ಸಹೋದರಿಯರೇ, ಬೇರೆಯವರ ತಪ್ಪು ಬರೆಯುವುದು ಸುಲಭ. ಇಂದು ನನ್ನದನ್ನೇ ನಿಮ್ಮ ಮುಂದಿಡುತ್ತೇನೆ.

ಹೆಣ್ಣುಮಕ್ಕಳ ಮದ್ರಸಾದಲ್ಲಿ ಪಾಠ ಮಾಡುವುದರ ಜೊತೆಗೆ ಅಧ್ಯಾಪಕಿಯರ ವೇಳಾಪಟ್ಟಿ ಹಾಕುವ ಹೊಣೆಯೂ ನನ್ನದು. ಹೆರಿಗೆ ರಜೆ ಮುಗಿಸಿ ಬಂದ ಕಿರಿಯ ಅಧ್ಯಾಪಕಿಯೊಬ್ಬಳು ಒಮ್ಮೆ ಹಿಂಜರಿಯುತ್ತಾ ಕೇಳಿದಳು: "ಆಪಾ, ಎಂಟರ ಬದಲು ಒಂಬತ್ತೂವರೆಗೆ ಬರಲೇ? ಪರೀಕ್ಷೆಯ ಉತ್ತರಪತ್ರಿಕೆಗಳನ್ನೆಲ್ಲ ನಾನೇ ಮನೆಯಲ್ಲಿ ತಿದ್ದಿ ಕೊಡುತ್ತೇನೆ." ಅವಳ ಗಂಡ ರಾತ್ರಿ ಪಾಳಿ ಮುಗಿಸಿ ಮನೆ ಸೇರುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಮಗುವನ್ನು ನೋಡಿಕೊಳ್ಳುವವರಿಲ್ಲ.

"ನಾವೂ ಮಕ್ಕಳನ್ನು ಹೆತ್ತವರೇ ಅಲ್ಲವೇ? ನಿಯಮ ಎಲ್ಲರಿಗೂ ಒಂದೇ" ಎಂದೆ. "ಸರಿ ಆಪಾ" ಎಂದು ಹೊರಟುಹೋದಳು. ನಾನು ಶಿಸ್ತು ಕಾಪಾಡಿದ ತೃಪ್ತಿಯಲ್ಲಿದ್ದೆ!

ಅದೇ ವಾರ ಹದೀಸ್ ತರಗತಿಯಲ್ಲಿ ನಿಮಗೆಲ್ಲ ಗೊತ್ತಿರುವ ಪಾಠ ಬಂತು. ಪ್ರವಾದಿ(ಸ)ರು ದೀರ್ಘವಾಗಿ ನಮಾಝ್ ಮಾಡಿಸಬೇಕೆಂದು ನಿಂತಿರುತ್ತಿದ್ದರು. ಮಗುವಿನ ಅಳು ಕೇಳಿದರೆ, ತಾಯಿಗೆ ಕಷ್ಟವಾಗಬಾರದೆಂದು ಚಿಕ್ಕದಾಗಿ ಮುಗಿಸುತ್ತಿದ್ದರು. ಸಹೀಹ್ ಬುಖಾರಿಯಲ್ಲಿರುವ ವರದಿ. ಎಷ್ಟೋ ವರ್ಷಗಳಿಂದ ಕಲಿಸಿದ್ದೇನೆ. ಅಂದು ಒಬ್ಬ ಹುಡುಗಿ ಎದ್ದು ನಿಂತು, "ಹಾಗಾದರೆ ಒಬ್ಬ ತಾಯಿಗೋಸ್ಕರ ಇಡೀ ಜಮಾಅತ್‌ನ ನಮಾಝೇ ಚಿಕ್ಕದಾಯಿತಾ ಆಪಾ?" ಎಂದಳು. ಹೌದು ಎಂದೆ. ಮುಂದೆ ವಿವರಿಸಲು ನಾಲಿಗೆ ಏಳಲಿಲ್ಲ.

ಮರುದಿನ ಅವಳನ್ನು ಕರೆದು ಒಪ್ಪಿದೆ. ಅವಳ ಮೊದಲ ಎರಡು ಪೀರಿಯಡ್‌ಗಳಲ್ಲಿ ಒಂದನ್ನು ನಾನು ತೆಗೆದುಕೊಂಡೆ, ಇನ್ನೊಂದನ್ನು ಮಧ್ಯಾಹ್ನಕ್ಕೆ ಸರಿಸಿದೆ. ಹಿರಿಯ ಅಧ್ಯಾಪಕಿಯೊಬ್ಬರು, "ನಾಳೆ ಎಲ್ಲರೂ ಕೇಳಿದರೆ?" ಎಂದರು. ಆ ಪ್ರಶ್ನೆಯಲ್ಲಿ ನ್ಯಾಯವಿತ್ತು. ಕೇಳಲಿ, ಮಕ್ಕಳ ಪಾಠ ಕೆಡದಂತೆ ಆಗುವುದಾದರೆ ಕೊಡೋಣ ಎಂದೆ. ಸಂಬಳ ಕಡಿಮೆ ಮಾಡಬೇಕೆಂಬ ಮಾತು ಸಮಿತಿಯಲ್ಲಿ ಬಂತು. ರಾತ್ರಿ ಕುಳಿತು ಉತ್ತರಪತ್ರಿಕೆ ತಿದ್ದುವುದು ಕೆಲಸವಲ್ಲವೇ ಎಂದು ವಾದಿಸಬೇಕಾಯಿತು. 2017ರಲ್ಲಿ ಹೆರಿಗೆ ಸೌಲಭ್ಯ ಕಾನೂನಿಗೆ ತಿದ್ದುಪಡಿ ತಂದಾಗ, ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಿದ್ದಷ್ಟೇ ಅಲ್ಲ, ರಜೆ ಮುಗಿದ ಮೇಲೆ ಕೆಲಸದ ಸ್ವರೂಪ ನೋಡಿ, ಇಬ್ಬರೂ ಒಪ್ಪಿದರೆ ಮನೆಯಿಂದಲೇ ಕೆಲಸ ಮಾಡಿಸಿಕೊಳ್ಳಬಹುದೆಂದೂ ಬರೆದಿದ್ದರು. ಅದನ್ನೂ ಓದಿ ಹೇಳಿದೆ. ಸಂಬಳ ಉಳಿಯಿತು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಭಾವಿಸಬೇಡಿ. ಎರಡು ದಿನ ಅವಳು ಹತ್ತಕ್ಕೆ ಬಂದಳು, ನನಗೆ ಸಿಟ್ಟು ಬಂತು. ಆಮೇಲೆ ಇಬ್ಬರೂ ಕುಳಿತು ಸಮಯ, ಕೆಲಸ, ಮೂರು ತಿಂಗಳ ಅವಧಿ ಎಲ್ಲವನ್ನೂ ಕಾಗದದಲ್ಲಿ ಬರೆದೆವು. ಸಾಲವನ್ನು ಅವಧಿ ಸಹಿತ ಬರೆದಿಡಬೇಕೆಂದು ಸೂರಃ ಅಲ್‌ಬಕರಃದಲ್ಲಿ ಓದಿದವರು ನಾವು. ಕೊಟ್ಟ ಮಾತನ್ನು ಬರೆದಿಡಲು ಸಂಕೋಚವೇಕೆ? ಬರೆದ ಮೇಲೆ ಜಗಳವಾಗಲಿಲ್ಲ. ಅವಧಿ ಮುಗಿದಾಗ ಇನ್ನೂ ಮೂರು ತಿಂಗಳು ಮುಂದುವರಿಸಿದೆವು.

ಇನ್ನೊಂದು ವಿಷಯ ಉಳಿದಿದೆ. ನಮ್ಮ ಮನೆಗೆಲಸಕ್ಕೆ ಬರುವಾಕೆ, ಮಗುವನ್ನು ಅಂಗನವಾಡಿಗೆ ಬಿಟ್ಟು ಬರುತ್ತೇನೆ ಅಮ್ಮಾ ಎಂದು ಎಷ್ಟು ಸಲ ಕೇಳಿದ್ದಳೋ! ಪಾತ್ರೆಗಳ ರಾಶಿ ನೋಡಿ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅವಳು ಬರುವುದು ಹತ್ತೂಕಾಲಕ್ಕೆ. ಅಲ್ಲಿಯವರೆಗೆ ಪಾತ್ರೆಗಳು ನೀರಲ್ಲಿ ನೆನೆಯುತ್ತಿರುತ್ತವೆ.