ಓಟಿದ್ದವನು ನಾನು

2016ರ ಜೂನ್ 24ರ ಬೆಳಿಗ್ಗೆ ನಮ್ಮ ಲಂಡನ್ ಆಫೀಸು ಸಾವಿನ ಮನೆಯಂತಿತ್ತು. ಶೇ 51.9 ಜನ ಯುರೋಪ್ ಒಕ್ಕೂಟ ಬೇಡ ಅಂದಿದ್ದರು. ಕ್ಯಾಮರಾನ್ ರಾಜೀನಾಮೆ ಘೋಷಿಸಿದ್ದರು, ಪೌಂಡು 31 ವರ್ಷಗಳ ತಳ ಕಂಡಿತ್ತು. "ಹಳ್ಳಿಗಾಡಿನ ದಡ್ಡರು ದೇಶ ಮುಳುಗಿಸಿದ್ರು" ಅಂತ ಟೀಮಿನವರ ಬೈಗುಳ. ಹಳ್ಳಿಯವನಾದ ನನಗೆ ಆ ಧಾಟಿ ಹೊಸದಲ್ಲ. ಚುನಾವಣೆ ಮುಗಿದಾಗಲೆಲ್ಲ ಬೆಂಗಳೂರಲ್ಲೂ ಕೇಳಿದ್ದೇ. ಸಂಡರ್‌ಲ್ಯಾಂಡ್‌ನ ಶೇ 61 ಮಂದಿ ಯಾಕೆ ಹಾಗೆ ಗುರುತು ಹಾಕಿದರು ಅಂತ ಒಬ್ಬರೂ ಕೇಳಲಿಲ್ಲ.

ಸುಮ್ಮನಿದ್ದವಳು ಪೋಲೆಂಡಿನ ಸಹೋದ್ಯೋಗಿ ಮಾತ್ರ. ಹನ್ನೊಂದು ವರ್ಷದಿಂದ ಅಲ್ಲೇ ತೆರಿಗೆ ಕಟ್ಟುತ್ತಿದ್ದಳು, ಅವಳಿಗೆ ಓಟಿರಲಿಲ್ಲ. ಕಾಮನ್‌ವೆಲ್ತ್ ಪ್ರಜೆ ಅನ್ನೋ ಕಾರಣಕ್ಕೆ, ಬಂದು ವರ್ಷವೂ ತುಂಬದ ನನಗಿತ್ತು!

"ಯಾವ ಕಡೆ ಹಾಕಿದೆ?" ಅಂದಳು.

"ಒಕ್ಕೂಟದಲ್ಲೇ ಇರಲಿ ಅಂತ."

ತಲೆಯಾಡಿಸಿ, ಪೌರತ್ವದ ಅರ್ಜಿಗೆ ಎಷ್ಟು ಶುಲ್ಕ ಅಂತ ಹುಡುಕತೊಡಗಿದಳು.