ನೆಲಕ್ಕೆ ಬಿದ್ದ ಸೀರೆ

ಜೆಸಿಬಿ ನಮ್ಮ ತವರುಮನೆಯ ಜಗುಲಿಗೆ ಹಲ್ಲು ಹಾಕಿದ ದಿನ ನಾನು ಅಂಗಳದಾಚೆ ಹಲಸಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಬರಬೇಡ ಎಂದು ತಮ್ಮ ಹೇಳಿದ್ದ. ಸಾಗರದಿಂದ ಬಸ್ಸು ಹತ್ತಿ ಬಂದೇಬಿಟ್ಟೆ. ಮಾಡು ಇಳಿಸಿ ಆಗಿತ್ತು, ಗೋಡೆ ಬಿದ್ದಿತ್ತು, ಉಳಿದದ್ದು ನೆಲ. ಯಂತ್ರ ಅದನ್ನು ಮೊಗಚಿದಾಗ ಒಂದು ದಪ್ಪ ಹೆಂಟೆ ಉರುಳಿ ಬಂತು. ತಮ್ಮನ ಮಗಳು ಅದನ್ನು ಎತ್ತಿಕೊಂಡು ಬಂದು ನನ್ನ ಕಾಲ ಬಳಿ ಇಟ್ಟಳು.

“ಅತ್ತೆ, ಇದೇನು? ಪುಸ್ತಕದ ಹಾಳೆ ಜೋಡಿಸಿದ ಹಾಗಿದೆ.”

ಮೇಲೆ ತಮ್ಮ ಹಾಕಿಸಿದ ಬಿಳಿ ಟೈಲ್ಸು. ಅದರ ಕೆಳಗೆ ಬೆರಳಗಲದ ಕೆಂಪು ಸಿಮೆಂಟು. ಅದಕ್ಕೂ ಕೆಳಗೆ ಮಣ್ಣಿಗಂಟಿಕೊಂಡು ಕಪ್ಪಗೆ, ಎಳೆಎಳೆಯಾಗಿ ಸೆಗಣಿಯ ಪದರಗಳು. ಎಷ್ಟೋ ಇದ್ದವು. ನಾನು ಉಗುರಿನಿಂದ ಒಂದು ಎಳೆ ಬಿಡಿಸಿದೆ. ಬೆಂಗಳೂರಿನ ಕೂಸು ಮೂಗು ಮುಚ್ಚಿಕೊಂಡಿತು, ವಾಸನೆ ಏನೂ ಇರಲಿಲ್ಲ.

ರಾತ್ರಿ ಊಟ ಮಾಡಿ ಕೂತಾಗ ಅವಳೇ ಮಾತು ತೆಗೆದಳು. ಅವಳ ಫ್ಲಾಟಿನಲ್ಲಿ ನೆಲ ಒರೆಸಲು ಕೋಲಿನ ತುದಿಗೆ ಸಿಕ್ಕಿಸುವ ಒದ್ದೆ ಹಾಳೆಗಳಿವೆಯಂತೆ. ಒಂದು ಕೋಣೆಗೆ ಒಂದು ಹಾಳೆ, ಒರೆಸಿದ ಮೇಲೆ ಕಸದ ಬುಟ್ಟಿಗೆ. ನೋಡಲು ಬಟ್ಟೆಯ ಹಾಗಿದ್ದರೂ ಅದರಲ್ಲಿರುವುದು ಪ್ಲಾಸ್ಟಿಕ್ಕಿನ ನೂಲು ಎಂದು ಎಲ್ಲೋ ಓದಿ ಅವಳಿಗೆ ನಿದ್ದೆ ಬಂದಿಲ್ಲ. “ನೀವೆಲ್ಲ ಏನು ಮಾಡ್ತಿದ್ರಿ ಅತ್ತೆ? ಮನೆಯಲ್ಲೇ ಮಾಡ್ಕೊಳ್ಳೋಕೆ ಆಗತ್ತಾ?”

ಆಗುತ್ತದೆ ಎಂದುಬಿಟ್ಟೆ. ಅಷ್ಟು ಸಲೀಸಾಗಿ ಹೇಳಬಾರದಿತ್ತು.

ನಮ್ಮ ಮನೆಯ ನೆಲ ದೊಡ್ಡಮ್ಮನ ಕೈಯಲ್ಲಿತ್ತು. ಉಪ್ಪಿನಕಾಯಿ, ಬಾಣಂತನ, ದೇವರ ಕೆಲಸ ಇವಕ್ಕೆಲ್ಲ ಬೇರೆ ಬೇರೆ ಹೆಂಗಸರು ಹೆಸರಾಗಿದ್ದರು. ನೆಲಕ್ಕೆ ಮಾತ್ರ ದೊಡ್ಡಮ್ಮ. ಊರಲ್ಲಿ ಮದುವೆ ಇದ್ದರೆ ಚಪ್ಪರದ ಅಂಗಳ ಸಾರಿಸಲು ಅವಳಿಗೆ ಹೇಳಿಕೆ ಬರುತ್ತಿತ್ತು. ಸೆಗಣಿಯನ್ನು ಅವಳು ನೋಡಿಯೇ ಹೇಳುವಳು. ಮಳೆಗಾಲದ್ದು ಹಸಿ ಹುಲ್ಲು ತಿಂದ ತೆಳು ಸೆಗಣಿ, ಬೇಡ. ಹಿಂಡಿ ತಿಂದ ಎಮ್ಮೆಯದು ನಾರುತ್ತದೆ, ಬೇಡ. ಗುಡ್ಡ ಮೇಯ್ದು ಬಂದ ಗಿಡ್ಡ ತಳಿಯ ದನದ್ದು, ದೀಪಾವಳಿ ಕಳೆದ ಮೇಲಿನದು, ಅದು ಸೆಗಣಿ. ಮುಂದೆ ಜರ್ಸಿ ಹಸು ಬಂದಾಗ “ಹಾಲಿಗೆ ಸೈ, ನೆಲಕ್ಕಲ್ಲ” ಎಂದು ತೀರ್ಪು ಕೊಟ್ಟಿದ್ದಳು.

ಕಲಸುವ ಹದವನ್ನು ನಾನು ಎಷ್ಟು ಸಲ ಕೇಳಿದರೂ ಅವಳದ್ದು ಒಂದೇ ಉತ್ತರ: “ಅಂಗೈಗೆ ಗೊತ್ತಾಗ್ತು.” ನನ್ನ ಅಂಗೈಗೆ ಇವತ್ತಿಗೂ ಗೊತ್ತಾಗಿಲ್ಲ. ಅಂಗಳಕ್ಕಾದರೆ ಬಿದ್ದ ಅಡಿಕೆ ಹಾಳೆಯನ್ನು ಕತ್ತರಿಸಿ, ನೀರಲ್ಲಿ ನೆನೆಸಿ, ಅದರಿಂದಲೇ ಎಳೆಯುವುದು. ಒಳಗೆ ಬರಿಗೈ. ಮೂಲೆಯಿಂದ ಶುರು ಮಾಡಿ ಕುಕ್ಕರುಗಾಲಲ್ಲೇ ಹಿಂದೆ ಹಿಂದೆ ಸರಿಯುತ್ತ, ಕೈ ಕಮಾನಿನಂತೆ ಎಡದಿಂದ ಬಲಕ್ಕೆ. ಬಾಗಿಲಿಗೆ ಬಂದು ಹೊಸಿಲು ದಾಟಿದಳೆಂದರೆ ಕೋಣೆ ಮುಗಿಯಿತು. ಒಳಗೆ ಅವಳ ಹೆಜ್ಜೆಯ ಒಂದು ಗುರುತೂ ಇರುತ್ತಿರಲಿಲ್ಲ. ನೆಲದ ಮೇಲೆ ಅಲೆಅಲೆಯಾಗಿ ಅವಳ ಬೆರಳುಗಳು ಮಾತ್ರ.

ಆ ವಾಸನೆ. ಹಸಿ ಸೆಗಣಿಯದ್ದಲ್ಲ, ಅದು ಕೊಟ್ಟಿಗೆಯದ್ದು. ಸಾರಿಸಿ ಅರ್ಧ ಒಣಗಿದ ನೆಲಕ್ಕೆ ಬೇರೆಯದೇ ಒಂದು ವಾಸನೆಯಿತ್ತು. ಹುಲ್ಲುಗೊಣಬೆಯ ಒಳಗೆ ತಲೆ ಹಾಕಿದ ಹಾಗೆ, ಸ್ವಲ್ಪ ಸಿಹಿ, ಸ್ವಲ್ಪ ಮಣ್ಣು. ಸುಲಿದ ಅಡಿಕೆಯನ್ನು ಒಲೆಯ ಮೇಲೆ ಬೇಯಿಸುವ ಚೊಗರು ಪರಿಮಳವೂ ಅದಕ್ಕೆ ಸೇರಿಕೊಂಡರೆ ನನಗೆ ಅದೇ ಚಳಿಗಾಲ. ಇವತ್ತು ಲ್ಯಾವೆಂಡರ್ ಎಂದು ಬರೆದ ಬಾಟಲಿ ಬಿಚ್ಚಿದರೆ ತಲೆನೋವು ಬರುತ್ತದೆ. ನಮ್ಮ ಸೀಮೆಯಲ್ಲಿ ಲ್ಯಾವೆಂಡರ್ ಹೂವನ್ನು ಕಂಡವರು ಯಾರಿದ್ದಾರೆ?

ಈಗ ಯೋಚಿಸಿದರೆ ಅದು ಕೊಳೆ ತೆಗೆಯುವ ಕೆಲಸವೇ ಅಲ್ಲ. ಮಣ್ಣಿನ ನೆಲ ಒರೆಸಿದರೆ ಕೆಸರಾಗುತ್ತದೆ, ಗುಡಿಸಿದರೆ ಧೂಳಾಗಿ ಏಳುತ್ತದೆ. ಆದ್ದರಿಂದ ಹಳೆಯದರ ಮೇಲೆ ಹೊಸ ಚರ್ಮ ಹೊದಿಸುವುದು. ಸೆಗಣಿಯೊಳಗಿನ ಹುಲ್ಲಿನ ನಾರು ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಕಪ್ಪು ಬರಲೆಂದು ತೆಂಗಿನ ಚಿಪ್ಪು ಸುಟ್ಟ ಕರಿ ಬೆರೆಸುತ್ತಿದ್ದರು. ಟಾರ್ಚು ಬಂದ ಮೇಲೆ ಸತ್ತ ಶೆಲ್ಲು ಒಡೆದು ಅದರ ಕರಿ. ನಾವು ಮಕ್ಕಳು ಕಲ್ಲಿನಿಂದ ಜಜ್ಜಿ, ಕೈ ಮುಖ ಮಸಿ ಮಾಡಿಕೊಂಡು, ಅದೇ ಕೈಯಲ್ಲಿ ಅವಲಕ್ಕಿ ತಿಂದವರು. ಆ ಕರಿಯಲ್ಲಿರುವುದು ಮ್ಯಾಂಗನೀಸ್ ಡೈಆಕ್ಸೈಡ್, ಮೈಗೆ ಒಳ್ಳೆಯದಲ್ಲ ಎಂದು ತಿಳಿದದ್ದು ಪಿಯುಸಿಯ ರಸಾಯನಶಾಸ್ತ್ರದ ಪುಸ್ತಕದಲ್ಲಿ. ಹಿಂದಿನವರು ಮಾಡಿದ್ದೆಲ್ಲ ವಿಜ್ಞಾನ ಎನ್ನುವವರು ಬಂದಾಗ ನನಗೆ ಈ ಶೆಲ್ಲುಗಳೇ ನೆನಪಾಗುತ್ತವೆ. ಧನುರ್ವಾಯುವಿನ ಬೀಜಾಣುವೂ ಸೆಗಣಿಯಲ್ಲೇ ಇರುತ್ತದೆ. ಆ ನೆಲದ ಮೇಲೆ ಹೆರಿಗೆಯಾಗುತ್ತಿತ್ತು, ಎಳೆಗೂಸಿನ ಹೊಕ್ಕುಳು ಹಸಿಯಾಗಿರುತ್ತಿತ್ತು. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಮ್ಮ ದೇಶದಲ್ಲಿ ಹತೋಟಿಗೆ ಬಂತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ದೊಡ್ಡಮ್ಮ ಹೆತ್ತದ್ದು ಆರು. ಉಳಿದವರು ಮೂವರು. ಕಾರಣ ಯಾರೂ ಹೇಳಲಿಲ್ಲ, ನಾವು ಕೇಳಲಿಲ್ಲ.

ಇನ್ನೊಂದು ಮಾತು. ಕೊಟ್ಟಿಗೆ ಬಾಚಿ, ಸೆಗಣಿ ಬುಟ್ಟಿ ಹೊತ್ತು ತಂದು ಅಂಗಳದಲ್ಲಿ ಇಡುತ್ತಿದ್ದ ಹೆಂಗಸು ಜಗುಲಿ ಹತ್ತುವಂತಿರಲಿಲ್ಲ. ಅವಳು ಮುಟ್ಟಿದ ಸೆಗಣಿ ಒಳಗೆ ಬರಬಹುದು, ಅವಳು ಬರಬಾರದು. ಇದು ನನಗೆ ಆಗ ವಿಚಿತ್ರ ಅನ್ನಿಸಲೇ ಇಲ್ಲ. ಅದನ್ನು ಬರೆಯದೆ ವಾಸನೆಯ ಬಗ್ಗೆ ಮಾತ್ರ ಬರೆದರೆ ಸುಳ್ಳಾಗುತ್ತದೆ.

1974ರಲ್ಲಿ, ನಾನು ಏಳನೇ ಕ್ಲಾಸು, ಅಡಿಕೆಗೆ ಬೆಲೆ ಬಂದ ಹುರುಪಿನಲ್ಲಿ ದೊಡ್ಡಪ್ಪ ಜಗುಲಿಗೂ ನಡುಮನೆಗೂ ಕೆಂಪು ನೆಲ ಮಾಡಿಸಿದ. ಘಟ್ಟದ ಕೆಳಗಿನಿಂದ ಬಂದ ಗಾರೆ ಮೇಸ್ತ್ರಿ ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ, ಕರಣೆಯಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಅಂಚಿಗೆ ಕಪ್ಪು ಪಟ್ಟಿ. ಈಗ ಬೇಕಾದದ್ದು ಸೆಗಣಿಯಲ್ಲ, ಬಟ್ಟೆ. ಹಳೇ ಪಂಚೆಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ತಿಕ್ಕುವುದು, ಜಿಡ್ಡಾದರೆ ಅಂಟವಾಳದ ನೀರು. ಬೀಜ ತೆಗೆದ ಹತ್ತು ಹನ್ನೆರಡು ಕಾಯಿ, ಒಂದು ತಂಬಿಗೆ ನೀರು, ರಾತ್ರಿಯಿಡೀ ನೆನೆದು ಬೆಳಿಗ್ಗೆ ಒಂದು ಕುದಿ. ಹೊಗಳುವವರು ಹೇಳದ ಒಂದು ವಿಷಯ: ಮೂರನೇ ದಿನಕ್ಕೆ ಅದು ಹುಳಿತು ನಾರುತ್ತದೆ, ದಪ್ಪಗಿದ್ದರೆ ನೆಲ ಅಂಟಂಟು.

ಒಂದು ಸೀರೆ ನೆಲಕ್ಕೆ ಬೀಳುವ ಮೊದಲು ಬಹಳ ದಾರಿ ನಡೆಯುತ್ತಿತ್ತು. ಹೊರಗೆ ಉಡುವ ಸೀರೆ ಮನೆಯಲ್ಲಿ ಉಡುವುದಾಗುತ್ತಿತ್ತು, ಅದು ಹರಿದರೆ ಮಗುವಿನ ಬಟ್ಟೆ, ಕೌದಿ, ಆಮೇಲೆ ಒಲೆಯ ಬಳಿಯ ಮಸಿಬಟ್ಟೆ. ಕೊನೆಗೆ ನೆಲ. ಅಲ್ಲಿಂದ ಗೊಬ್ಬರಗುಂಡಿ, ಮಳೆಗಾಲ ಕಳೆಯುವಷ್ಟರಲ್ಲಿ ಅದು ತೋಟದ ಮಣ್ಣು.

ಹಳೇ ಬಟ್ಟೆಗೆ ಪಾತ್ರೆ ಕೊಡುವ ಪಾತ್ರೆಯವಳು ಬರುತ್ತಿದ್ದದ್ದು ಆ ದಿನಗಳಲ್ಲೇ. ತಲೆಯ ಮೇಲೆ ಸ್ಟೀಲು, ಬಗಲಲ್ಲಿ ಬಟ್ಟೆ ಗಂಟು. ಒಂದು ಮಧ್ಯಾಹ್ನ ಅವಳಿಗೂ ದೊಡ್ಡಮ್ಮನಿಗೂ ಒಂದು ಬೋಗುಣಿಯ ಮೇಲೆ ನಡೆದ ಚೌಕಾಸಿ ನನಗೆ ಬಾಯಿಪಾಠ.

“ಎರಡು ಸೀರೆ, ಒಂದು ಪ್ಯಾಂಟು ಕೊಡಿ ಅಮ್ಮ.”

“ಹತ್ತಿದು ಒಂದು ಎಳೆಯೂ ಕೊಡುವುದಿಲ್ಲ.”

“ಹತ್ತಿ ಯಾರಿಗೆ ಬೇಕಮ್ಮ? ಟೆರಿಲಿನ್ ಇದ್ದರೆ ತೆಗೀರಿ.”

ದೊಡ್ಡಮ್ಮ ಒಳಗೆ ಹೋಗಿ ಅಣ್ಣನ ಟೆರಿಲಿನ್ ಪ್ಯಾಂಟು, ಎರಡು ಅಂಗಿ, ಯಾರೋ ಉಡುಗೊರೆ ಕೊಟ್ಟ ನೈಲಾನ್ ಸೀರೆ ತಂದು ಸುರಿದಳು. ಪಾತ್ರೆಯವಳು ಬೋಗುಣಿಯ ಜೊತೆಗೊಂದು ಸೌಟನ್ನೂ ಇಟ್ಟು, ದೊಡ್ಡಮ್ಮನ ಮನಸ್ಸು ಬದಲಾಗುವ ಮೊದಲು ಗಂಟು ಕಟ್ಟಿದಳು. ಅವಳು ಗೇಟು ದಾಟಿದ ಮೇಲೆ ದೊಡ್ಡಮ್ಮ ಬಿದ್ದು ಬಿದ್ದು ನಕ್ಕಳು: ನೀರು ಹೀರದ ಬಟ್ಟೆ ಕೊಟ್ಟು ಸ್ಟೀಲು ತೆಗೆದುಕೊಂಡೆ! ಪಾತ್ರೆಯವಳೂ ತಿರುವಿನಲ್ಲಿ ನಕ್ಕಿರಬೇಕು. ಪೇಟೆಯಲ್ಲಿ ಎರಡನೇ ಮಾರಾಟಕ್ಕೆ ಓಡುತ್ತಿದ್ದದ್ದು ಟೆರಿಲಿನ್ನೇ.

ಗೆದ್ದವಳು ಪಾತ್ರೆಯವಳು. ಹತ್ತು ವರ್ಷದಲ್ಲಿ ಮನೆಯ ಎಲ್ಲರ ಮೈಮೇಲೂ ಪಾಲಿಯೆಸ್ಟರ್ ಬಂತು, ದೊಡ್ಡಮ್ಮನ ಮೈಮೇಲೆ ಕೂಡ. ನಾನು ಬೈಯಲಾರೆ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹತ್ತಿ ಸೀರೆ ಒಣಗಿಸಿದವರಿಗೆ ಗೊತ್ತು. ಒಲೆಯ ಮೇಲಿನ ಅಟ್ಟದ ಗಳುವಿನಲ್ಲಿ ಹೊಗೆ ಹಿಡಿದು, ಮುಗ್ಗಲು ಬಂದು, ನಾಲ್ಕು ದಿನಕ್ಕೂ ಒಣಗದ ಒಂಬತ್ತು ಗಜ. ಪಾಲಿಯೆಸ್ಟರ್ ಜಾಡಿಸಿದರೆ ಅರ್ಧ ಒಣಗುತ್ತದೆ. ಆದರೆ ಅದು ಹರಿಯುವುದಿಲ್ಲ, ಹರಿದರೂ ಹೀರುವುದಿಲ್ಲ, ಗುಂಡಿಯಲ್ಲಿ ಕೊಳೆಯುವುದೂ ಇಲ್ಲ. ನೆಲದ ಬಟ್ಟೆಯನ್ನು ಅಂಗಡಿಯಿಂದ ತರುವ ದಿನ ಶುರುವಾದದ್ದು ಹಾಗೆ. ಯಾವ ಜಾಹೀರಾತೂ ನಮ್ಮನ್ನು ಮರುಳು ಮಾಡಲಿಲ್ಲ, ಪೆಟ್ಟಿಗೆಯಲ್ಲಿ ಹಳೇ ಸೀರೆ ಮುಗಿದಿತ್ತು.

ಆಮೇಲಿನದು ಎಲ್ಲರಿಗೂ ಗೊತ್ತಿದೆ. ಮೊಸಾಯಿಕ್, ಗ್ರಾನೈಟ್, ಈ ಟೈಲ್ಸು. ಈಗ ಸೆಗಣಿಯೇ ಡಬ್ಬಿಯಲ್ಲಿ ಬಂದಿದೆ. 2021ರ ಜನವರಿಯಲ್ಲಿ ಖಾದಿ ಆಯೋಗ ಸೆಗಣಿಯ ಗೋಡೆ ಬಣ್ಣ ಬಿಡುಗಡೆ ಮಾಡಿತು, ಅದೇ ಹೊತ್ತಿಗೆ ಮಧ್ಯಪ್ರದೇಶ ಸರ್ಕಾರ ತನ್ನ ಕಚೇರಿಗಳಿಗೆ ಗೋಮೂತ್ರದ ಫಿನಾಯಿಲ್ ಬಳಸಲು ಆದೇಶ ಕೊಟ್ಟಿತು. ದೊಡ್ಡಮ್ಮ ಇದ್ದಿದ್ದರೆ ಕೇಳುತ್ತಿದ್ದಳು: ಯಾವ ದನದ್ದು, ಯಾವ ತಿಂಗಳದ್ದು?

ಕೊಟ್ಟ ಮಾತು ಉಳಿಸಲು ಬೆಂಗಳೂರಿಗೆ ಹೋದೆ. ಕೂಸು ಆಗಲೇ ವಿಡಿಯೋ ನೋಡಿ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಬರಿಸಿ ಖುಷಿಯಲ್ಲಿದ್ದಳು. ಕ್ಷಾರಕ್ಕೆ ಆಮ್ಲ ಸೇರಿದರೆ ಎರಡೂ ಒಂದನ್ನೊಂದು ತಿಂದುಹಾಕಿ ಉಳಿಯುವುದು ಉಪ್ಪುನೀರು ಎಂದೆ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹೇಳಿದ ಪಾಠ. ಬಾಲ್ಕನಿಯಲ್ಲಿ ಬಯೋ ಎಂಜೈಮ್ ಕೂಡ ಇತ್ತು. ಒಂದು ಪಾಲು ಬೆಲ್ಲ, ಮೂರು ಪಾಲು ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಬೇಕು ಎಂಬುದನ್ನು ಮರೆತು ಒಂದು ಬಾಟಲಿ ಸಿಡಿದು ಬಾಲ್ಕನಿಯೆಲ್ಲ ಸಿಪ್ಪೆಯಾಗಿತ್ತು. ಉಳಿದದ್ದು ಚೆನ್ನಾಗಿ ಬಂದಿತ್ತು, ಬಕೆಟ್ಟಿಗೆ ಒಂದಿಷ್ಟು ಸಾಕು. ಮಾರ್ಬಲ್ಲಿಗೆ ಮಾತ್ರ ಬೇಡ, ಹುಳಿ ಅದನ್ನು ತಿನ್ನುತ್ತದೆ. (ನಮ್ಮಲ್ಲಿ ಕಿತ್ತಳೆ ಸಿಪ್ಪೆ ಗೊಜ್ಜಾಗುತ್ತಿತ್ತು. ಅದನ್ನು ಹೇಳಲಿಲ್ಲ.)

ನೀರೇನೋ ಆಯಿತು. ಬಟ್ಟೆ? ಅವಳ ಬೀರುವಿನಲ್ಲಿ ಹುಡುಕಿದೆವು. ಕುರ್ತಾ, ಟೀ ಶರ್ಟು, ಲೆಗ್ಗಿಂಗ್ಸು, ಒಂದರ ಮೇಲೆ ನೀರು ಹನಿಸಿದರೆ ಮುತ್ತಿನ ಹಾಗೆ ಜಾರಿತು. ಕೊನೆಗೆ ನನ್ನ ಚೀಲದಿಂದಲೇ ಒಂದು ಇಳಕಲ್ ಹತ್ತಿ ಸೀರೆ ತೆಗೆದೆ, ಸೆರಗು ಜೀರ್ಣವಾಗಿತ್ತು. “ಅಯ್ಯೋ ಅತ್ತೆ, ಇದನ್ನ ಹರೀತೀರಾ?” ಹರಿದೆ. ಪರ್ರೆಂದು ನೂಲಿನ ಗುಂಟ ನೇರವಾಗಿ ಹರಿಯಿತು.

ಮನೆಕೆಲಸದವಳು ಬಂದಾಗ ಬಕೆಟ್ಟು, ಬಟ್ಟೆ ಅವಳ ಮುಂದಿಟ್ಟೆ. ಅವಳು ಬಟ್ಟೆ ಮುಟ್ಟಲಿಲ್ಲ. “ಕೂತು ಒರೆಸಕ್ಕೆ ಮಂಡಿ ಬಿಡಲ್ಲಮ್ಮ. ದಿನಾ ಆರು ಮನೆ. ಆ ಕೋಲೇ ಇರಲಿ.” ದೊಡ್ಡಮ್ಮನ ಮಂಡಿಯೂ ಅರವತ್ತಕ್ಕೇ ಹೋಗಿತ್ತು, ಕೊನೆಯ ಎಂಟು ವರ್ಷ ಅವಳು ಆ ಕೆಂಪು ನೆಲದ ಮೇಲೆ ತೆವಳಿಕೊಂಡೇ ಓಡಾಡಿದ್ದು.

ಮಧ್ಯಾಹ್ನ ನಾನೂ ಕೂಸೂ ಕೂತು ಕೋಲಿನ ಪಟ್ಟಿಯ ಅಳತೆಗೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಸುತ್ತ ಹೊಲಿದು, ಎರಡು ತುದಿಗೆ ಎಲಾಸ್ಟಿಕ್ ಹಾಕಿದೆವು. ತೊಡಿಸಿದರೆ ಟೋಪಿಯ ಹಾಗೆ ಕೂತಿತು. ಆರು ಹೊಲಿದೆವು. ಮರುದಿನ ಕೆಲಸದವಳು ಅದರಲ್ಲೇ ಮೂರು ಕೋಣೆ ಒರೆಸಿದಳು, ಚೆನ್ನಾಗಿ ಹೀರುತ್ತೆ ಎಂದಳು. ಆಮೇಲೆ ಕಪ್ಪಗಾದ ಮೂರು ತುಂಡುಗಳನ್ನು ಬಿಚ್ಚಿ ಬಚ್ಚಲ ಮೂಲೆಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು:

“ಇದನ್ನ ಒಗೆಯೋರು ಯಾರಮ್ಮ?”

ಕೂಸು ನನ್ನ ಮುಖ ನೋಡಿತು. ನಾನು ಎದ್ದು ಹೋಗಿ ಬಕೆಟ್ಟಿಗೆ ನೀರು ಬಿಟ್ಟೆ.